ಅಂಗಡಿ ಹೇಳಿಕೊಟ್ಟ ಗಂಡಸುತನ

ಹೆಬ್ಬಾಳ, ಯಲಹಂಕ, ಮಾನ್ಯತಾ ಟೆಕ್ ಪಾರ್ಕಿನ ಸುತ್ತಮುತ್ತ ಓದುಬರಹ ಬಲ್ಲವರ ನಡುವೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರುಬಿಟ್ಟಿದೆ. ನಮ್ಮ ಗಂಡಸು ಮೊದಲು ಒರಟನಾಗಿದ್ದನಂತೆ. ಮೈಯ ಮೇಲೆ ನಿಗಾ ಇರಲಿಲ್ಲ, ಬಟ್ಟೆಬರೆಯ ತಿಳಿವಳಿಕೆ ಇರಲಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ. 2005ರಿಂದೀಚೆಗೆ ಬಂದ ಇಂಗ್ಲಿಷಿನ ಪುರುಷ ಪತ್ರಿಕೆಗಳು, ಅಂದರೆ ಮ್ಯಾಕ್ಸಿಮ್, ಮೆನ್ಸ್ ಹೆಲ್ತ್, ಎಫ್‌ಎಚ್‌ಎಂ, ಜಿಕ್ಯೂ, ಅವನನ್ನು ತಿದ್ದಿ ಜಗತ್ತಿನ ಸಾಲಿಗೆ ತಂದು ನಿಲ್ಲಿಸಿದವಂತೆ. ಕನ್ನಡದಲ್ಲಿ ಅಂಥದ್ದೊಂದು ಪತ್ರಿಕೆ ಹುಟ್ಟಲಿಲ್ಲ ಎಂಬುದು ಕನ್ನಡ ಹಿಂದುಳಿದದ್ದಕ್ಕೆ ಸಾಕ್ಷಿಯಂತೆ. ಜಾಹೀರಾತಿನವರು ಇದನ್ನು ಹೇಳುತ್ತಾರೆ, ಅವರ ಬಾಯಿಂದ ಕೇಳಿದವರು ಮತ್ತೆ ಹೇಳುತ್ತಾರೆ, ನಮ್ಮ ಪತ್ರಕರ್ತರಲ್ಲೂ ಎಷ್ಟೋ ಮಂದಿ ತಲೆದೂಗುತ್ತಾರೆ.

ಇದು ಬುಡದಿಂದ ತುದಿಯವರೆಗೂ ತಪ್ಪು. ಈ ಪತ್ರಿಕೆಗಳು ಗಂಡಸನ್ನು ಗಿರಾಕಿ ಎಂದು ಎಣಿಸಿದವು, ಗಿರಾಕಿಗೆ ಬೇಕಾದಷ್ಟನ್ನು ಮಾತ್ರ ಕಲಿಸಿದವು. ಕನ್ನಡದ ಗಂಡಸು ಒಂದಿಷ್ಟಾದರೂ ಬದಲಾಗಿದ್ದರೆ ಅದರ ಋಣ ಬೇರೆ ಕಡೆ ಇದೆ. ಆ ಋಣವನ್ನು ತಪ್ಪು ಖಾತೆಗೆ ಬರೆಯುತ್ತಿರುವುದಕ್ಕೇ ನನ್ನ ತಕರಾರು.

ಈ ಬಗೆಯ ಪತ್ರಿಕೆ ಹುಟ್ಟಿದ ಮನೆಯನ್ನು ಮೊದಲು ನೋಡಬೇಕು. ಅಮೆರಿಕದಲ್ಲಿ 1931ರಲ್ಲಿ ಅಪ್ಯಾರಲ್ ಆರ್ಟ್ಸ್ ಎಂಬ ಪತ್ರಿಕೆ ಹೊರಟಿತು. ಅದನ್ನು ಮಾಡಿದ್ದು ಸಿದ್ಧ ಉಡುಪಿನ ವ್ಯಾಪಾರಿಗಳಿಗಾಗಿ. ಅಂಗಡಿಯ ಮೇಜಿನ ಮೇಲೆ ಇಟ್ಟು ಗಿರಾಕಿಗೆ ಸೂಟುಗಳ ಚಿತ್ರ ತೋರಿಸುವುದು ಅದರ ಕೆಲಸ. ಗಿರಾಕಿಗಳು ಆ ಪ್ರತಿಯನ್ನು ಬಿಡದೆ ತಿರುವಿಹಾಕುವುದನ್ನು ಕಂಡ ಅದೇ ಬಳಗ 1933ರಲ್ಲಿ ಎಸ್ಕ್ವೈರ್ ಹೊರತಂದಿತು. ಅದರ ಮೊದಲ ಸಂಚಿಕೆಯ ಬಹುಪಾಲು ಪ್ರತಿಗಳು ಹೋದದ್ದೂ ಗಂಡಸರ ಬಟ್ಟೆ ಅಂಗಡಿಗಳಿಗೇ. ಅಪ್ಯಾರಲ್ ಆರ್ಟ್ಸ್ ಮುಂದೆ 1950ರ ದಶಕದ ಕೊನೆಗೆ ಜಂಟಲ್‌ಮೆನ್ಸ್ ಕ್ವಾರ್ಟರ್ಲಿ ಆಯಿತು, ಇವತ್ತು ನಾವು ಜಿಕ್ಯೂ ಎನ್ನುವುದು ಅದನ್ನೇ. ಅರ್ಧ ಶತಮಾನ ಕಳೆದು ಇಂಗ್ಲೆಂಡಿನಲ್ಲಿ 1985ರಲ್ಲಿ ಫಾರ್ ಹಿಮ್ ಎಂಬ ಹೆಸರಿನಲ್ಲಿ ಶುರುವಾಗಿ ಆಮೇಲೆ ಎಫ್‌ಎಚ್‌ಎಂ ಎನಿಸಿಕೊಂಡದ್ದೂ ಮೊದಲು ಹಂಚಿಕೆಯಾದದ್ದು ಬಟ್ಟೆ ಅಂಗಡಿಗಳ ಮೂಲಕವೇ. ಎರಡು ದೇಶ, ಎರಡು ಕಾಲ, ಹುಟ್ಟು ಮಾತ್ರ ಒಂದೇ. ಇದನ್ನು ಆಕಸ್ಮಿಕ ಎನ್ನಲಾಗದು. ಹೆಂಗಸರ ಪತ್ರಿಕೆಯಲ್ಲೂ ಜಾಹೀರಾತು ಇತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಆದರೆ ಅಲ್ಲಿ ಪತ್ರಿಕೆಯೊಳಕ್ಕೆ ಜಾಹೀರಾತು ಬಂತು. ಇಲ್ಲಿ ಜಾಹೀರಾತೇ ಬೆಳೆದು ಪತ್ರಿಕೆಯಾಯಿತು.

1953ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಹ್ಯೂ ಹೆಫ್ನರ್ ಹೊರಡಿಸಿದ ಪ್ಲೇಬಾಯ್ ಈ ಸರಕಿನ ಪಟ್ಟಿಗೆ ಹೆಣ್ಣನ್ನೂ ಸೇರಿಸಿತು. ಅದರ ಬೆತ್ತಲೆ ಚಿತ್ರಗಳ ಬಗ್ಗೆಯೇ ಎಲ್ಲರೂ ಮಾತಾಡಿದ್ದಾರೆ. ನನಗೆ ಅದಕ್ಕಿಂತ ಕೆಟ್ಟದ್ದಾಗಿ ಕಾಣುವುದು ಅದು ಕಟ್ಟಿಕೊಟ್ಟ ಮನೆ. ಒಬ್ಬಂಟಿ ಗಂಡಸು, ಒಳ್ಳೆಯ ಮದ್ಯ, ದುಬಾರಿ ಗ್ರಾಮಫೋನು, ಬಂದು ಹೋಗುವ ಹೆಂಗಸರು. ಮಕ್ಕಳಿಲ್ಲ, ಮುದುಕರಿಲ್ಲ, ಕಾಯಿಲೆ ಬಿದ್ದವರಿಲ್ಲ. ಬಾರ್ಬರಾ ಎಹ್ರೆನ್‌ರೈಕ್ 1983ರಲ್ಲಿ ಬರೆದ ದಿ ಹಾರ್ಟ್ಸ್ ಆಫ್ ಮೆನ್ ಪುಸ್ತಕದಲ್ಲಿ ಇದನ್ನು ಸಂಸಾರದ ಹೊಣೆಯಿಂದ ಜಾರಿಕೊಳ್ಳುವ ಗಂಡಸಿನ ಬಂಡಾಯ ಎಂದೇ ಓದಿದ್ದಾರೆ. ಯಾರ ಹೊಣೆಯೂ ಇಲ್ಲದವನ ಕೈಯಲ್ಲಿ ದುಡ್ಡು ಉಳಿಯುತ್ತದೆ. ಆ ದುಡ್ಡಿನ ಮೇಲೆ ಕಣ್ಣಿಟ್ಟವರಿಗೆ ಅಂಥ ಗಂಡಸೇ ಆದರ್ಶ.

ಎದುರು ಪಕ್ಷದ ಬಲವಾದ ವಾದವೊಂದಿದೆ, ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಸರಿಯಲ್ಲ. ಈ ಪತ್ರಿಕೆಗಳು ಒಳ್ಳೆಯ ಸಾಹಿತ್ಯವನ್ನು ಸಾಕಿದವು ಎಂಬುದೇ ಆ ವಾದ. ನಿಜವೇ. ಹೆಮಿಂಗ್ವೆಯ ದಿ ಸ್ನೋಸ್ ಆಫ್ ಕಿಲಿಮಂಜಾರೋ ಮೊದಲು ಅಚ್ಚಾದದ್ದು 1936ರ ಎಸ್ಕ್ವೈರ್‌ನಲ್ಲಿ. ಗೇ ಟಲೀಸ್ 1966ರಲ್ಲಿ ಫ್ರಾಂಕ್ ಸಿನಾಟ್ರಾ ಬಗ್ಗೆ ಬರೆದ ಲೇಖನ ಇವತ್ತಿಗೂ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪಾಠ. ರೇ ಬ್ರ್ಯಾಡ್‌ಬರಿಯ ಫ್ಯಾರನ್‌ಹೈಟ್ 451 ಧಾರಾವಾಹಿಯಾಗಿ ಬಂದದ್ದು ಪ್ಲೇಬಾಯ್‌ನಲ್ಲಿ. ನಮ್ಮಲ್ಲಿ 1973ರಲ್ಲಿ ಪ್ಲೇಬಾಯ್ ಜಾಡು ಹಿಡಿದು ಬಂದ ಡೆಬೊನೇರ್ ಕೂಡ ವಿನೋದ್ ಮೆಹ್ತಾ ಸಂಪಾದಕರಾಗಿದ್ದಾಗ ಒಳ್ಳೆಯ ಸಂದರ್ಶನ, ಕವಿತೆಗಳನ್ನು ಪ್ರಕಟಿಸಿತು. ಇದೆಲ್ಲ ಒಪ್ಪಿದೆ.

ಆದರೆ ಆ 1936ರ ಎಸ್ಕ್ವೈರ್ ಅನ್ನೇ ಇನ್ನಷ್ಟು ಹತ್ತಿರದಿಂದ ನೋಡಿ. ಆ ವರ್ಷದ ಫೆಬ್ರವರಿ, ಮಾರ್ಚ್, ಏಪ್ರಿಲ್ ಸಂಚಿಕೆಗಳಲ್ಲಿ ಸ್ಕಾಟ್ ಫಿಟ್ಸ್‌ಜೆರಾಲ್ಡ್ ಮೂರು ಲೇಖನ ಬರೆದ. ತಾನು ಒಳಗಿಂದ ಒಡೆದುಹೋದದ್ದನ್ನು, ಕಸುವು ಬತ್ತಿದ್ದನ್ನು, ಜನರ ಮುಖ ನೋಡುವುದೂ ಬೇಡವಾದದ್ದನ್ನು ತೆರೆದು ಹೇಳಿದ. ಒಬ್ಬ ಗಂಡಸು ಗಂಡಸರ ಪತ್ರಿಕೆಯಲ್ಲಿ ತನ್ನ ಸೋಲನ್ನು ಹೆಸರು ಹಾಕಿ ಬರೆದುಕೊಂಡ ಅಪರೂಪದ ಗಳಿಗೆ ಅದು. ಅದೇ ವರ್ಷದ ಆಗಸ್ಟ್ ಸಂಚಿಕೆಯಲ್ಲಿ ಹೆಮಿಂಗ್ವೆಯ ಕಿಲಿಮಂಜಾರೋ ಕತೆ ಬಂತು. ಆ ಕತೆಯೊಳಗೆ ಫಿಟ್ಸ್‌ಜೆರಾಲ್ಡ್‌ನನ್ನು ಹೆಸರು ಹಿಡಿದು, ಶ್ರೀಮಂತರ ಮುಂದೆ ಬೆರಗಾಗಿ ಕೆಟ್ಟುಹೋದ ಪಾಪದವನೆಂದು ಹೀಯಾಳಿಸಲಾಗಿತ್ತು. ಗೆಳೆಯನೇ ಗೆಳೆಯನ ಬಗ್ಗೆ ಬರೆದ ಮಾತು ಅದು. ಫಿಟ್ಸ್‌ಜೆರಾಲ್ಡ್ ನೊಂದು ಕೇಳಿಕೊಂಡ ಮೇಲೆ ಪುಸ್ತಕದಲ್ಲಿ ಆ ಹೆಸರು ಜೂಲಿಯನ್ ಎಂದು ಬದಲಾಯಿತು. ಮುರಿದು ಬಿದ್ದವನಿಗೂ ಅವನನ್ನು ಅಣಕಿಸಿದವನಿಗೂ ಪುಟ ಕೊಟ್ಟದ್ದು ಒಂದೇ ಪತ್ರಿಕೆ. ಮುಂದಿನ ಎಂಬತ್ತು ವರ್ಷ ಈ ಬಗೆಯ ಪತ್ರಿಕೆಗಳು ಯಾರ ಹಾದಿ ಹಿಡಿದವು? ಬೇಟೆ, ಗೂಳಿಕಾಳಗ, ಯುದ್ಧ, ವಿಸ್ಕಿಯ ಹೆಮಿಂಗ್ವೆ ಮುಖಪುಟದ ದೇವರಾದ. ಫಿಟ್ಸ್‌ಜೆರಾಲ್ಡ್ ಆಡಿದ ಮಾತನ್ನು ಮುಂದುವರಿಸುವ ಧೈರ್ಯ ಯಾರಿಗೂ ಬರಲಿಲ್ಲ, ಏಕೆಂದರೆ ಒಡೆದುಹೋದ ಗಂಡಸಿನ ಪಕ್ಕದ ಪುಟದಲ್ಲಿ ಕೈಗಡಿಯಾರದ ಜಾಹೀರಾತು ಒಗ್ಗುವುದಿಲ್ಲ. ಆ ಪತ್ರಿಕೆಗಳಲ್ಲಿ ಬಂದ ಸಾಹಿತ್ಯಕ್ಕೆ ಕೈಮುಗಿಯುತ್ತೇನೆ. ಗಂಡಸಿಗೆ ಉಪಕಾರವಾದೀತು ಎನ್ನಬಹುದಾದ ಒಂದೇ ಒಂದು ದಾರಿ ಅಲ್ಲಿ ತೆರೆದುಕೊಂಡಿತ್ತು, ಅದನ್ನು ಅವು ಬೆಳೆಸಲಿಲ್ಲ.

ಇವು ಜಗತ್ತಿನ ತುಂಬ ಹಬ್ಬಿದ್ದು ಗಂಡಸರೆಲ್ಲ ಹಂಬಲಿಸಿದ್ದರಿಂದ ಎಂದು ನಂಬಿಸಲಾಗಿದೆ. ಹಬ್ಬಿಸಿದ್ದು ಲೈಸೆನ್ಸ್ ವ್ಯವಹಾರ. ಹೆಸರು, ಅಚ್ಚಿನ ವಿನ್ಯಾಸ, ಅಂಕಣಗಳ ಚೌಕಟ್ಟು ಮೂಲ ಕಂಪನಿಯದು. ಮುಖಪುಟದ ನಟ, ಒಂದಿಷ್ಟು ಸ್ಥಳೀಯ ಬರಹ ಆಯಾ ದೇಶದ್ದು. ಗಡಿಯಾರ, ಸುಗಂಧ, ಕಾರು, ಮದ್ಯದ ಕಂಪನಿಗಳಿಗೆ ಹೊಸ ಹೊಸ ದೇಶದಲ್ಲಿ ಒಂದೇ ಮಾದರಿಯ ಪುಟ ಸಿದ್ಧವಾಗಿ ಸಿಗುತ್ತಿತ್ತು. ಭಾರತಕ್ಕೆ ಇವು ತಡವಾಗಿ ಬಂದದ್ದಕ್ಕೂ ಕಾರಣ ಕಾನೂನು. ವಿದೇಶಿ ಪತ್ರಿಕೆಗಳು ಇಲ್ಲಿ ಆವೃತ್ತಿ ತೆರೆಯಬಾರದೆಂದು 1955ರ ಕೇಂದ್ರ ಸಂಪುಟ ನಿರ್ಣಯ ಬಾಗಿಲು ಹಾಕಿತ್ತು. 2002ರಲ್ಲಿ ಸುದ್ದಿಯೇತರ ಪತ್ರಿಕೆಗಳಲ್ಲಿ ನೂರಕ್ಕೆ 74ರಷ್ಟು ವಿದೇಶಿ ಬಂಡವಾಳಕ್ಕೆ ಅನುಮತಿ ಸಿಕ್ಕಿತು, ಆಮೇಲೆ ಅದು ಪೂರ್ತಿಯಾಯಿತು. ಬಾಗಿಲು ತೆರೆದ ಕೂಡಲೇ ಸಾಲು ಹಿಡಿದು ಬಂದವು: 2005ರ ಕೊನೆಗೆ ಮ್ಯಾಕ್ಸಿಮ್, 2007ರಲ್ಲಿ ಮೆನ್ಸ್ ಹೆಲ್ತ್ ಮತ್ತು ಎಫ್‌ಎಚ್‌ಎಂ, 2008ರಲ್ಲಿ ಜಿಕ್ಯೂ. ಎಮಾಮಿ ಕಂಪನಿ ಗಂಡಸರ ಮುಖ ಬೆಳ್ಳಗಾಗಿಸುವ ಫೇರ್ ಅಂಡ್ ಹ್ಯಾಂಡ್ಸಮ್ ಕ್ರೀಮು ತಂದದ್ದೂ 2005ರಲ್ಲೇ. ಕಪ್ಪು ಮೈಬಣ್ಣದ ನಾಡಿನಲ್ಲಿ ಗಂಡಸಿಗೆ ತನ್ನ ಮುಖದ ಬಗ್ಗೆಯೇ ನಾಚಿಕೆ ಹುಟ್ಟಿಸಿದ ವರ್ಷವನ್ನು ಅವನು ಆಧುನಿಕನಾದ ವರ್ಷ ಎಂದು ಕರೆಯಲು ನನ್ನಿಂದಾಗದು.

ಅದೇ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಹೆಬ್ಬಾಳದಿಂದ ಯಲಹಂಕ ದಾಟಿ ಹೋಗುವ ಬಳ್ಳಾರಿ ರಸ್ತೆಯ ಎರಡೂ ಬದಿಯ ಬದುಕು ಬದಲಾಯಿತು. ಆ ರಸ್ತೆಯ ಹೋರ್ಡಿಂಗುಗಳಲ್ಲಿ ಅಂದಿನಿಂದ ನಿಂತಿರುವ ಗಂಡಸು ಈ ಪತ್ರಿಕೆಗಳ ಗಂಡಸೇ. ಹರಿತವಾದ ದವಡೆ, ಸೂಟು, ಕೈಯಲ್ಲಿ ಸ್ವಿಸ್ ಗಡಿಯಾರ, ಹಿಂದೆ ಎತ್ತರದ ಅಪಾರ್ಟ್‌ಮೆಂಟು. ಅವನ ಕೆಳಗೆ ಹಾದುಹೋಗುವವರು ಯಾರು? ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊತ್ತು ಬೆನ್ನು ಕಳೆದುಕೊಂಡ ಹಮಾಲಿ. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಪಾಳಿ ಮುಗಿಸಿ ಬರುವವನು. ರಾಯಚೂರಿನಿಂದ, ಕಲಬುರಗಿಯಿಂದ ಬಂದು ಆರ್.ಟಿ. ನಗರದ ಪೀಜಿಯಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಂಚಿಕೊಂಡು ಕೆಲಸ ಹುಡುಕುತ್ತಿರುವ ಹುಡುಗ. ಹೆಬ್ಬಾಳ ಮೇಲ್ಸೇತುವೆಯ ಮೇಲೆ ಮಳೆಯಲ್ಲಿ ಡೆಲಿವರಿ ಚೀಲ ಹೊತ್ತು ನಿಂತವನು. ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿ ತನಗೇನು ಕೆಲಸ ಎಂದು ತಿಳಿಯದೆ ಕೂತವನು. ಇವರೂ ಗಂಡಸರೇ, ಇವರ ಸಂಖ್ಯೆಯೇ ಹೆಚ್ಚು. ಪುರುಷ ಪತ್ರಿಕೆ ಎಂದು ಹೆಸರಿಟ್ಟುಕೊಂಡ ಯಾವುದೂ ಇವರನ್ನು ಉದ್ದೇಶಿಸಿ ಒಂದು ಪುಟ ಬರೆದದ್ದನ್ನು ನಾನು ಕಂಡಿಲ್ಲ.

ಗಡಿಯಾರದ ವಿಷಯ ಬಂದದ್ದರಿಂದ ಒಂದು ಮಾತು. ಈ ಪತ್ರಿಕೆಗಳು ಗಡಿಯಾರವನ್ನು ಗಂಡಸಿನ ಯೋಗ್ಯತೆಯ ಅಳತೆ ಮಾಡಿದವು. ಉತ್ತರ ಬೆಂಗಳೂರಿನಲ್ಲಿ ಗಡಿಯಾರಕ್ಕೆ ಬೇರೆ ಚರಿತ್ರೆ ಇದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಜಾಲಹಳ್ಳಿಯ ಸುತ್ತಿನ ಎಷ್ಟೋ ಮನೆಗಳು ಆ ಸಂಬಳದಲ್ಲಿ ನಿಂತವು. ಎಚ್‌ಎಂಟಿ ಜನತಾ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ಅಪ್ಪ ಕೊಟ್ಟದ್ದು, ಮದುವೆಯಲ್ಲಿ ಅಳಿಯನಿಗೆ ಮಾವ ಕೊಟ್ಟದ್ದು. ಅದನ್ನು ಕಟ್ಟಿದ ಕೈ ಒಂದು ಸಂಬಂಧವನ್ನೂ ಹೊರುತ್ತಿತ್ತು. ಅಲ್ಲಿ ವರದಕ್ಷಿಣೆಯ ಕೊಳೆಯೂ ಇತ್ತು, ಅದನ್ನು ಮರೆಯಬಾರದು. ಆದರೆ ಗಡಿಯಾರ ಮಾಡಿದ ಕೆಲಸಗಾರನೇ ಅದನ್ನು ಕೊಳ್ಳಬಲ್ಲವನಾಗಿದ್ದ. 2016ರ ಜನವರಿಯಲ್ಲಿ ಎಚ್‌ಎಂಟಿ ಗಡಿಯಾರ ಘಟಕ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಇವತ್ತು ಅದೇ ಕಡೆಯ ಹುಡುಗನಿಗೆ ಅವನ ಹಲವು ವರ್ಷದ ದುಡಿಮೆಯೂ ಸಾಲದ ಗಡಿಯಾರ ತೋರಿಸಿ, ಇದಿಲ್ಲದೆ ನೀನು ಅರ್ಧ ಗಂಡಸು ಎನ್ನಲಾಗುತ್ತಿದೆ.

ಮೈ ಬೆಳೆಸುವುದನ್ನು ಕಲಿಸಿದ್ದು ಈ ಪತ್ರಿಕೆಗಳೇ ಎಂಬ ಮಾತಂತೂ ಬೆಂಗಳೂರಿನಲ್ಲಿ ನಿಂತು ಆಡಬಾರದ್ದು. ಇದು ಕೆ.ವಿ. ಅಯ್ಯರ್ ಅವರ ಊರು. ಅವರ ವ್ಯಾಯಾಮಶಾಲೆ ಜೆ.ಸಿ. ರಸ್ತೆಯಲ್ಲಿತ್ತು. ಎರಡನೇ ಮಹಾಯುದ್ಧಕ್ಕೂ ಮೊದಲೇ ಅವರ ಮೈಕಟ್ಟಿನ ಚಿತ್ರಗಳು ಬ್ರಿಟನ್ನಿನ ಹೆಲ್ತ್ ಅಂಡ್ ಸ್ಟ್ರೆಂತ್ ತರಹದ ಅಂಗಸಾಧನೆ ಪತ್ರಿಕೆಗಳಲ್ಲಿ ಬಂದಿದ್ದವು. ಅಂಚೆಯ ಮೂಲಕ ದೂರದೂರದವರಿಗೆ ಅಂಗಸಾಧನೆ ಕಲಿಸಿದರು, ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಗಂಡಸಿನ ದೇಹ ನೋಡಲು ಚೆಂದ ಎಂದು ಹೇಳಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಅದೇ ಮನುಷ್ಯ ಶಾಂತಲಾ ಬರೆದ, ರೂಪದರ್ಶಿ ಬರೆದ. ಟಿ.ಪಿ. ಕೈಲಾಸಂ ಅವರ ಆಪ್ತ. ರವಿ ಕಲಾವಿದರು ಎಂಬ ಅವರ ತಂಡ ನಾಟಕ ಆಡಿತು. ಮೈ ಕಟ್ಟುವುದಕ್ಕೂ ಕಾದಂಬರಿ ಕಟ್ಟುವುದಕ್ಕೂ ಅವರಲ್ಲಿ ಜಗಳವಿರಲಿಲ್ಲ. ಹೊಟ್ಟೆಯ ಮೇಲೆ ಆರು ಗೆರೆ ಮೂಡಿಸುವುದನ್ನೇ ಗುರಿ ಎಂದು ಹೇಳಿಕೊಡುವವರು ನಮ್ಮ ಹುಡುಗರನ್ನು ಅಯ್ಯರ್ ನಿಂತಲ್ಲಿಂದ ಹಿಂದಕ್ಕೆ ಕರೆದೊಯ್ದಿದ್ದಾರೆ.

ಹಾಗಾದರೆ ಕನ್ನಡದ ಗಂಡಸನ್ನು ತಿದ್ದಿದ್ದು ಯಾರು? ನನ್ನ ಉತ್ತರ ಕೆಲವರಿಗೆ ರುಚಿಸದು: ಹೆಂಗಸರು, ಹೆಂಗಸರಿಗಾಗಿ ಬರೆದದ್ದು. ನಂಜನಗೂಡು ತಿರುಮಲಾಂಬ ತಾವೇ ಬರೆದು, ತಾವೇ ಸಂಪಾದಿಸಿ, ಪ್ರಕಟಿಸಿ, ಕರ್ನಾಟಕ ನಂದಿನಿ, ಸನ್ಮಾರ್ಗದರ್ಶಿನಿ ನಡೆಸಿದರು. ಆರ್. ಕಲ್ಯಾಣಮ್ಮ ಬೆಂಗಳೂರಿನಿಂದ ಸರಸ್ವತಿ ಪತ್ರಿಕೆಯನ್ನು ದಶಕಗಳ ಕಾಲ ಬಿಡದೆ ತಂದರು. ಮನೆಗೆ ಬಂದ ಪತ್ರಿಕೆಯನ್ನು ಮನೆಯವರೆಲ್ಲ ಓದುತ್ತಾರೆ. ವಿಧವೆಯ ಪಾಡು, ಹೆಣ್ಣುಮಕ್ಕಳ ಓದು, ಬಸಿರು ಬಾಣಂತನದ ಸಂಕಟ ಗಂಡಸಿನ ಕಣ್ಣಿಗೆ ಅಚ್ಚಿನಲ್ಲಿ ಬಿದ್ದದ್ದು ಅಲ್ಲಿ. ಆಮೇಲೆ ತ್ರಿವೇಣಿ ಬಂದರು. ಹೆರಿಗೆಯ ನಂತರ ಮನಸ್ಸು ಕೆಟ್ಟ ಹೆಂಡತಿಯನ್ನು ಗಂಡ ಹೇಗೆ ಕೈಬಿಡುತ್ತಾನೆ ಎಂಬುದನ್ನು ಶರಪಂಜರ ತೋರಿಸಿತು, ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದ ಮೇಲೆ ಓದದವರೂ ನೋಡಿದರು. ಆ ಗಂಡನಲ್ಲಿ ತನ್ನನ್ನೇ ಕಂಡು ಕಸಿವಿಸಿಗೊಂಡ ಗಂಡಸರು ಈ ನಾಡಿನಲ್ಲಿ ಕಡಿಮೆ ಇರಲಾರರು. ವೈದ್ಯೆ ಅನುಪಮಾ ನಿರಂಜನ ದಾಂಪತ್ಯ ದೀಪಿಕೆ ಬರೆದು, ಹಾಸಿಗೆಯಲ್ಲಿ ಹೆಂಡತಿಗೂ ಒಂದು ಮನಸ್ಸಿದೆ ಎಂಬ ತಿಳಿವನ್ನು ಸರಳ ಕನ್ನಡದಲ್ಲಿ ಮನೆಮನೆಗೆ ತಲುಪಿಸಿದರು. ಇವರಿಬ್ಬರಿಗೂ ಮೊದಲೇ ಮೈಸೂರು ಸಂಸ್ಥಾನ 1930ರಲ್ಲಿ, ಜಗತ್ತಿನಲ್ಲೇ ಮೊದಲೆಂಬಂತೆ, ಸರ್ಕಾರದ ಖರ್ಚಿನಲ್ಲಿ ಜನನ ನಿಯಂತ್ರಣದ ಚಿಕಿತ್ಸಾಲಯ ತೆರೆಯಿತು. ಗಂಡಸು ಆಧುನಿಕನಾಗುವ ಹಾದಿ ಇದು. ಇಲ್ಲಿ ಅವನಿಗೆ ಯಾರೂ ಏನನ್ನೂ ಮಾರಲಿಲ್ಲ, ಅವನಿಂದ ಏನನ್ನೋ ಕೇಳಿದರು.

ಕೇಳಿದ್ದನ್ನು ಅವನು ಪೂರ್ತಿ ಕೊಟ್ಟಿದ್ದಾನೆಯೇ ಎಂದರೆ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 2019ರಿಂದ 2021ರ ನಡುವೆ, ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡನೇ ಮಾಡಿಸಿಕೊಂಡದ್ದು ಇಡೀ ದೇಶದಲ್ಲಿ ನೂರಕ್ಕೆ 0.3. ಗಂಡಸಿನದು ಇನ್ನೂ ಸಣ್ಣ ಶಸ್ತ್ರಚಿಕಿತ್ಸೆ, ಆದರೂ ಹೊಟ್ಟೆ ಕೊಯ್ಯಿಸಿಕೊಳ್ಳುವವಳು ಅವಳೇ. 2019ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಗಂಡಸರೇ ನೂರಕ್ಕೆ 26. ಕೈಹಾಕಿದವರು ದಿನಕ್ಕೆ ಕೊಡುವುದು ಸರಾಸರಿ 97 ನಿಮಿಷ, ಹೆಂಗಸರು 299 ನಿಮಿಷ. ಮುಖಪುಟದ ಮೇಲೆ ಗಂಡಸಿನ ಆರೋಗ್ಯ ಎಂದು ಬರೆದುಕೊಂಡ ಪತ್ರಿಕೆಗಳಿಗೆ ಈ ಅಂಕಿಗಳು ವಿಷಯವಾಗಲಿಲ್ಲ.

ಗಂಡಸಿನ ನೋವೂ ಅವುಗಳಿಗೆ ವಿಷಯವಾಗಲಿಲ್ಲ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಮಂದಿಯಲ್ಲಿ 1,18,979 ಮಂದಿ ಗಂಡಸರು. ಒಟ್ಟು ಸತ್ತವರಲ್ಲಿ 42,004 ಮಂದಿ ದಿನಗೂಲಿಯವರು. ಸಾಲ, ಕುಡಿತ, ಕೆಲಸ ಹೋದ ಅವಮಾನ, ಮನೆಯಲ್ಲಿ ಬಾಯಿಬಿಡಲಾಗದ ಭಯ ಇವರನ್ನು ಕೊಲ್ಲುತ್ತಿವೆ. ಇವರಿಗೆ ಕನ್ನಡದಲ್ಲಿ ಯಾರು ಏನು ಹೇಳಿದರು? ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯಲ್ಲಿ ಕ್ಲಿಪ್ಪಿಗೆ ನೇತುಹಾಕಿದ ಕಾಮದ ಪತ್ರಿಕೆಗಳು, ಯಶವಂತಪುರ ರೈಲು ನಿಲ್ದಾಣದ ಸುತ್ತಿನ ಗೋಡೆಗಳ ಮೇಲಿನ ಗುಪ್ತರೋಗ, ನರದೌರ್ಬಲ್ಯದ ಜಾಹೀರಾತು. ಹದಿಹರೆಯದ ಹುಡುಗನಿಗೆ ಸಹಜವಾಗಿ ಆಗುವುದನ್ನೇ ರೋಗವೆಂದು ಹೆದರಿಸಿ ಲೇಹ್ಯ ಮಾರುವ ಈ ನಕಲಿ ವೈದ್ಯನಿಗೂ ಜಿಕ್ಯೂ ಪುಟಕ್ಕೂ ನಾನು ವ್ಯತ್ಯಾಸ ಕಾಣುವುದು ಕಾಗದದ ನುಣುಪಿನಲ್ಲಿ ಮಾತ್ರ. ಮೊದಲು ನಿನಗೇನೋ ಕೊರತೆ ಇದೆ ಎನ್ನುವುದು, ಮರುಕ್ಷಣ ಅದಕ್ಕೆ ಸರಕು ತೋರಿಸುವುದು, ಇಬ್ಬರ ಕಸುಬೂ ಒಂದೇ.

ಮುದ್ರಣದ ಕಾಲ ಮುಗಿಯಿತಲ್ಲ, ಈಗ ಈ ಮಾತೇಕೆ ಎನ್ನಬಹುದು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಪತ್ರಿಕೆಗಳಾದ ನಟ್ಸ್ 2014ರಲ್ಲಿ ನಿಂತಿತು, ಲೋಡೆಡ್ ಮುದ್ರಣ 2015ರಲ್ಲಿ ನಿಂತಿತು, ಎಫ್‌ಎಚ್‌ಎಂ ಅದರ ಬೆನ್ನಿಗೇ ಹೋಯಿತು, ಅಮೆರಿಕದ ಪ್ಲೇಬಾಯ್ 2020ರಲ್ಲಿ ಅಚ್ಚು ನಿಲ್ಲಿಸಿತು. ಆದರೆ ಕಸುಬು ಮೊಬೈಲಿಗೆ ಹೋಗಿದೆ ಅಷ್ಟೇ. ಆರ್.ಟಿ. ನಗರದ ಪೀಜಿಯ ಹುಡುಗ ರಾತ್ರಿ ನೋಡುವ ರೀಲಿನಲ್ಲಿ ಅದೇ ಕಾರು, ಅದೇ ಗಡಿಯಾರ, ಅದೇ ಹೊಟ್ಟೆಯ ಗೆರೆ. ಹೊಸದಾಗಿ ಸೇರಿದ್ದು ಹೆಣ್ಣಿನ ಮೇಲಿನ ಸಿಟ್ಟು. ನಿನಗೆ ಇದೆಲ್ಲ ಸಿಗದಿದ್ದರೆ ಅದಕ್ಕೆ ಕಾರಣ ಅವಳು ಎಂದು ಹೇಳಿಕೊಡುವ ಗುರುಗಳು ಕನ್ನಡದಲ್ಲೂ ಎದ್ದಿದ್ದಾರೆ. ಇವರನ್ನು ಕಂಡು ಬೆಚ್ಚಿಬೀಳುವವರು, ಹಳೆಯ ಪತ್ರಿಕೆಗಳೇ ಎಷ್ಟೋ ವಾಸಿ ಎನ್ನುವವರು, ಒಂದನ್ನು ಗಮನಿಸಬೇಕು. ಕೊಳ್ಳಲಾಗದವನು ಗಂಡಸೇ ಅಲ್ಲ ಎಂದು ದಶಕಗಟ್ಟಲೆ ಕಲಿಸಿದರೆ, ಕೊಳ್ಳಲಾಗದ ಲಕ್ಷಾಂತರ ಹುಡುಗರು ಆ ಅವಮಾನವನ್ನು ಯಾರ ಮೇಲಾದರೂ ತೀರಿಸಿಕೊಳ್ಳಲು ಹುಡುಕುತ್ತಾರೆ.

ಇನ್ನೊಂದು ಆಕ್ಷೇಪ ನಮ್ಮ ಪತ್ರಿಕಾ ಕಚೇರಿಗಳಿಂದಲೇ ಬರುತ್ತದೆ. ಪತ್ರಿಕೆಯಿಡೀ ಗಂಡಸರದೇ ಆಗಿರುವಾಗ ಅವರಿಗೆ ಬೇರೆ ಪುಟ ಏಕೆ, ಹೆಂಗಸರಿಗೆ ಭೂಮಿಕಾದಂಥ ಪುರವಣಿ ಬೇಕಾದದ್ದೇ ಉಳಿದದ್ದೆಲ್ಲ ಗಂಡಸರದಾದ್ದರಿಂದ ಎನ್ನುತ್ತಾರೆ. ಅರ್ಧ ಸತ್ಯ. ರಾಜಕೀಯ, ಕ್ರಿಕೆಟ್, ಷೇರುಪೇಟೆಯ ಪುಟಗಳು ಗಂಡಸನ್ನು ಮತದಾರನೆಂದೋ ಪ್ರೇಕ್ಷಕನೆಂದೋ ಹೂಡಿಕೆದಾರನೆಂದೋ ಮಾತಾಡಿಸುತ್ತವೆ. ಅಪ್ಪನಾಗಿ, ಗಂಡನಾಗಿ, ಮುದಿಯಾಗುತ್ತಿರುವ ಮಗನಾಗಿ, ಹೆದರಿದವನಾಗಿ ಅವನನ್ನು ಮಾತಾಡಿಸುವ ಪುಟ ಇಲ್ಲ. ವಿಚಿತ್ರವೆಂದರೆ ಮಗುವಿಗೆ ಲಸಿಕೆ ಯಾವಾಗ, ಅತ್ತೆಗೆ ಮರೆವಿನ ಕಾಯಿಲೆ ಬಂದರೇನು ಎಂಬುದೆಲ್ಲ ಇವತ್ತಿಗೂ ಹೆಂಗಸರ ಪುರವಣಿಯಲ್ಲೇ ಅಚ್ಚಾಗುತ್ತದೆ. ಗಂಡಸು ಅದನ್ನು ಓದಬೇಕೆಂದು ಸಂಪಾದಕನೇ ಬಯಸುವುದಿಲ್ಲ.

ಪುಟ ಬೇಕು ಎಂದರೆ ಏನು ಬೇಕು ಎಂದೂ ಹೇಳಬೇಕು. ಮೂಟೆ ಹೊರುವವನ ಬೆನ್ನುಮೂಳೆಯ ಬಗ್ಗೆ ಬರೆಯುವ ವೈದ್ಯ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಕಸುವು ಹೋಗುವುದಿಲ್ಲ ಎಂದು, ಮಾಡಿಸಿಕೊಂಡವರ ಮಾತಿನಲ್ಲೇ ಹೇಳುವ ಲೇಖನ. ಸಾರು ಮಾಡುವುದು, ಹಾಸಿಗೆ ಹಿಡಿದ ಅಪ್ಪನ ಮೈ ಒರೆಸುವುದು, ಮಗಳಿಗೆ ಜಡೆ ಹಾಕುವುದು. ಕುಡಿತ ಬಿಟ್ಟವರ, ಬಿಡಲಾಗದವರ ಪತ್ರಗಳು. ಟೆಲಿ ಮಾನಸ್‌ನ 14416 ಸಂಖ್ಯೆ, ಪ್ರತಿ ವಾರ, ದೊಡ್ಡ ಅಕ್ಷರದಲ್ಲಿ. ಇಂಥ ಪುರವಣಿ ಪೀಣ್ಯದ ಕ್ಯಾಂಟೀನಿಗೂ ಯಲಹಂಕದ ಕಟಿಂಗ್ ಶಾಪಿನ ಬೆಂಚಿಗೂ ತಲುಪಬೇಕು. ನಮ್ಮ ಗಂಡಸರು ಕಾಯುತ್ತಾ ಓದುವ ಜಾಗಗಳು ಅವು.

ಇದಕ್ಕೆ ಜಾಹೀರಾತು ಕೊಡುವವರು ಯಾರು ಎಂಬ ಪ್ರಶ್ನೆ ಎದುರಿಗೆ ಬರುತ್ತದೆ. ಬಹುಶಃ ಯಾರೂ ಕೊಡುವುದಿಲ್ಲ. ಆದರೆ ಇದೇ ಬೆಂಗಳೂರಿನಲ್ಲಿ 1980ರಲ್ಲಿ ಪಿ. ಲಂಕೇಶ್ ಜಾಹೀರಾತು ಮುಟ್ಟದೆ ಒಂದು ವಾರಪತ್ರಿಕೆ ಶುರು ಮಾಡಿ, ಓದುಗ ಕೊಟ್ಟ ಚಿಲ್ಲರೆ ಕಾಸಿನ ಮೇಲೇ ಎರಡು ದಶಕ ಅದನ್ನು ನಡೆಸಿದರು.